ಬಕೆಟ್ ಯಾಕೆ ಖಾಲಿ? ಐಸ್ ಮೇಲೆ ವೈಟ್ ಪರ್ಚ್ ಹಿಡಿಯುವ ಬಗ್ಗೆ

ಪ್ರಶ್ನೆ: ನಾವು ಹಾಸನದ ಕಡೆಯವರು, ಎರಡು ವರ್ಷದಿಂದ ನ್ಯೂ ಹ್ಯಾಂಪ್‌ಶರ್‌ನ ನಾಶುವಾದಲ್ಲಿ ಇದ್ದೇವೆ. ಹೋದ ಚಳಿಗಾಲ ನಾಲ್ಕು ಸಲ ವಿನ್ನಿಪಸಾಕಿ ಕೆರೆಗೆ ಐಸ್ ಫಿಶಿಂಗ್‌ಗೆ ಹೋದೆವು. ದಡದ ಹತ್ತಿರ ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು, ಟಿಪ್-ಅಪ್‌ಗೆ (ತೂತಿನ ಮೇಲೆ ಇಟ್ಟುಬಿಡುವ, ಮೀನು ಕಚ್ಚಿದರೆ ಬಾವುಟ ಏಳುವ ಗಾಳ) ಸಣ್ಣ ಜೀವಂತ ಮೀನು ಸಿಕ್ಕಿಸಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕಾದೆವು. ನಾಲ್ಕು ದಿನಕ್ಕೆ ಸಿಕ್ಕಿದ್ದು ಒಂದೇ ಒಂದು ಹಳದಿ ಪರ್ಚ್. ಪಕ್ಕದ ಮನೆಯ ಅಜ್ಜ ಮಾತ್ರ ಅದೇ ಕೆರೆಯಿಂದ ಬಕೆಟ್ ತುಂಬ ವೈಟ್ ಪರ್ಚ್ ತರುತ್ತಾರೆ. ನಾವು ಎಲ್ಲಿ ತಪ್ಪಿದೆವು? ಐಸ್ ಗಟ್ಟಿ ಇದೆಯಾ ಅಂತ ತಿಳಿಯುವುದು ಹೇಗೆ? ನನ್ನ ಹೆಂಡತಿಗೆ ಅದೇ ಭಯ. ಮತ್ತೆ ಈ ಮೀನು ನಮ್ಮ ಅಡುಗೆಗೆ ಆಗುತ್ತದಾ?

ಉತ್ತರ: ನೀವು ಬರೆದ ನಾಲ್ಕೈದು ಸಾಲಿನಲ್ಲೇ ಮೂರು ತಪ್ಪು ಕಾಣಿಸಿತು. ದಡದ ಹತ್ತಿರ ಕೂತಿರಿ, ಹೊತ್ತಲ್ಲದ ಹೊತ್ತಿಗೆ ಕೂತಿರಿ, ಅದಕ್ಕಿಂತ ದೊಡ್ಡ ತಪ್ಪು ಅಂದರೆ ಕೂತೇ ಇದ್ದಿರಿ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲ ಎರಡು ಚಳಿಗಾಲವೂ ಹೀಗೇ ಹೋಯಿತು. ಫ್ಲಾಸ್ಕಿನ ಕಾಫಿ ಖಾಲಿ, ಬಕೆಟ್ಟೂ ಖಾಲಿ.

ವೈಟ್ ಪರ್ಚ್ ಹಿಡಿಯುವುದು ಅಂದರೆ ನಡೆಯುವ ಕೆಲಸ. ಈ ಮೀನು ಒಂದು ಕಡೆ ನಿಲ್ಲುವುದಿಲ್ಲ. ಹಿಂಡು ಕಟ್ಟಿಕೊಂಡು ಕೆರೆಯ ತಳದ ಮೇಲೆ ಕುರಿಮಂದೆ ಥರ ಮೇಯುತ್ತಾ ಹೋಗುತ್ತದೆ. ಹಿಂಡು ನಿಮ್ಮ ತೂತಿನ ಕೆಳಗೆ ಬಂದರೆ ಹತ್ತು ನಿಮಿಷದಲ್ಲಿ ಹದಿನೈದು ಮೀನು, ಬರದಿದ್ದರೆ ಇಡೀ ದಿನ ಸೊನ್ನೆ. ಅದು ಬರಲಿ ಅಂತ ನೀವು ಕಾಯುತ್ತೀರಿ, ನಿಮ್ಮ ಪಕ್ಕದ ಮನೆ ಅಜ್ಜ ಅದು ಇರುವ ಕಡೆಗೇ ಹೋಗುತ್ತಾರೆ. ವ್ಯತ್ಯಾಸ ಇಷ್ಟೇ.

ಮೊದಲು ಈ ಮೀನು ಯಾವುದು ಅಂತ ತಿಳಿದುಕೊಳ್ಳಿ. ಹೆಸರಿನಲ್ಲಿ ಪರ್ಚ್ ಇದೆ, ಆದರೆ ನಿಮಗೆ ಸಿಕ್ಕ ಹಳದಿ ಪರ್ಚ್‌ಗೂ ಇದಕ್ಕೂ ನೆಂಟಸ್ತನ ಇಲ್ಲ. ಇದು ಸ್ಟ್ರೈಪ್ಡ್ ಬಾಸ್ ಎಂಬ ಸಮುದ್ರದ ಮೀನಿನ ಸಣ್ಣ ದಾಯಾದಿ. ಮೂಲದಲ್ಲಿ ಅಟ್ಲಾಂಟಿಕ್ ಕರಾವಳಿಯ ಮೀನು, ಮೇಲೆ ಕೆನಡಾದಿಂದ ಕೆಳಗೆ ಸೌತ್ ಕ್ಯಾರೊಲಿನಾವರೆಗೆ ಅಳಿವೆಯ ಚಪ್ಪೆ ಉಪ್ಪುನೀರಲ್ಲಿ ಇರುತ್ತದೆ, ಸಿಹಿನೀರಿನ ಕೆರೆಗೂ ಚೆನ್ನಾಗಿ ಹೊಂದಿಕೊಂಡುಬಿಡುತ್ತದೆ. ಬೆಳ್ಳಿ ಬೂದು ಬಣ್ಣ, ಮೈಮೇಲೆ ಪಟ್ಟೆ ಇಲ್ಲ. ಎಂಟು ಹತ್ತು ಇಂಚು ಸಾಮಾನ್ಯ, ಹನ್ನೆರಡು ದಾಟಿದರೆ ಒಳ್ಳೆಯ ಮೀನು ಅಂತ ಲೆಕ್ಕ. ಬೆನ್ನಿನ ಮುಳ್ಳು ಚೂಪು, ಕಿವಿರಿನ ಅಂಚೂ ಕೈ ಕೊಯ್ಯುತ್ತದೆ. ಚಳಿಗೆ ಮರಗಟ್ಟಿದ ಕೈಗೆ ಆಗ ಗೊತ್ತಾಗುವುದಿಲ್ಲ, ಮನೆಗೆ ಬಂದು ಬಿಸಿನೀರು ಮುಟ್ಟಿದಾಗ ಗೊತ್ತಾಗುತ್ತದೆ.

ವಸಂತದಲ್ಲಿ ಇವು ಮೊಟ್ಟೆ ಇಡಲು ತೊರೆಗಳ ಬಾಯಿಗೆ, ದಡದ ಆಳ ಇಲ್ಲದ ನೀರಿಗೆ ಬರುತ್ತವೆ. ಮಲೆನಾಡಲ್ಲಿ ಮೊದಲ ಮಳೆಗೆ ಹತ್ತುಮೀನು ಗದ್ದೆ ಕಡೆ ಏರುತ್ತದಲ್ಲ, ಹಾಗೆ. ಆಗ ದಡದಲ್ಲಿ ನಿಂತವರಿಗೂ ಸಿಗುತ್ತವೆ. ಫೆಬ್ರವರಿಯಲ್ಲಿ ಮಾತ್ರ ಆ ಕಥೆ ಇಲ್ಲ, ಮೀನು ಆಳದಲ್ಲಿರುತ್ತದೆ. ಕಾರಣ ಸರಳ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ, ಆ ನೀರು ತಳಕ್ಕೆ ಇಳಿದು ಕೂರುತ್ತದೆ, ಸೊನ್ನೆ ಡಿಗ್ರಿಯ ನೀರು ಮೇಲೆ ಐಸ್‌ಗೆ ತಾಗಿಕೊಂಡಿರುತ್ತದೆ. ಅಂದರೆ ಚಳಿಗಾಲದಲ್ಲಿ ಕೆರೆಯ ತಳವೇ ಬೆಚ್ಚಗಿನ ಜಾಗ. ಅಲ್ಲಿನ ಕೆಸರಲ್ಲಿ ಸಣ್ಣ ಸಣ್ಣ ಹುಳುಗಳಿರುತ್ತವೆ, ಹಿಂಡು ಅದನ್ನು ಮೇಯುತ್ತದೆ. ವಿನ್ನಿಪಸಾಕಿಯಲ್ಲಿ ನಾನು ನೋಡುವುದು 25ರಿಂದ 45 ಅಡಿ ಆಳ. ದಿನ್ನೆಯೊಂದು ಇಳಿದು ಮುಗಿದು ಕೆಸರಿನ ಬಯಲು ಶುರುವಾಗುವ ಜಾಗ ಇದೆಯಲ್ಲ, ಅದೇ ಬೇಕು. ಕೆರೆ ದೊಡ್ಡದು, ಸುಮಾರು 186 ಚದರ ಕಿಲೋಮೀಟರ್, ಒಳಗೆ ಇನ್ನೂರೈವತ್ತಕ್ಕೂ ಜಾಸ್ತಿ ದ್ವೀಪ. ಕಣ್ಣು ಮುಚ್ಚಿ ಹುಡುಕಿದರೆ ಆಯುಸ್ಸು ಸಾಲದು. ರಾಜ್ಯದ ಫಿಶ್ ಆಂಡ್ ಗೇಮ್ ಇಲಾಖೆ ಕೆರೆಗಳ ಆಳದ ನಕ್ಷೆ ಕೊಡುತ್ತದೆ. ಮನೆಯಲ್ಲೇ ಕೂತು ಗೆರೆಗಳು ಒತ್ತೊತ್ತಾಗಿ ಬಂದು ಆಮೇಲೆ ಬಿಡಿಬಿಡಿಯಾಗುವ ಕಡೆ ಗುರುತು ಹಾಕಿಕೊಳ್ಳಿ. ಅದರ ಮೇಲೆ ಹೋಗಿ ನಿಂತರೆ ಅರ್ಧ ಕೆಲಸ ಆಯಿತು.

ಇನ್ನು ತೂತುಗಳ ವಿಷಯ. ಎರಡು ಸಾಲದು. 20 ಅಡಿ ಆಳದಿಂದ ಶುರು ಮಾಡಿ ಇಳಿಜಾರು ಹಿಡಿದು 45 ಅಡಿವರೆಗೆ ಒಂದು ಸಾಲು ಹಾಕಿ, ಹತ್ತು ಹೆಜ್ಜೆಗೊಂದರಂತೆ ಹತ್ತು ಹನ್ನೆರಡು ತೂತು. ಐಸ್ ಕೊರೆಯುವ ಆಗರ್ ಆರಿಂಚಿನದು ಸಾಕು, ಈ ಮೀನಿಗೆ ಹತ್ತಿಂಚಿನ ಬಾವಿ ಬೇಕಿಲ್ಲ. ಕೊರೆಯುವ ಕೆಲಸ ಎಲ್ಲ ಮೊದಲೇ ಮುಗಿಸಿ, ಗದ್ದಲ ನಿಂತ ಮೇಲೆ ಮೊದಲನೆಯದರಿಂದ ಶುರು ಮಾಡಿ. ಒಂದೊಂದರಲ್ಲಿ ಐದು ನಿಮಿಷ, ಹೆಚ್ಚೆಂದರೆ ಏಳು. ಏನೂ ಇಲ್ಲವಾ, ಮುಂದಿನದಕ್ಕೆ ನಡೆಯಿರಿ. ಸಾಲು ಮುಗಿದರೆ ಮತ್ತೆ ಮೊದಲಿನಿಂದ. ಅರ್ಧ ಗಂಟೆ ಹಿಂದೆ ಸತ್ತಂತಿದ್ದ ತೂತಿನಲ್ಲಿ ಈಗ ಹಿಂಡು ಇರಬಹುದು, ಅದು ನಡೆಯುತ್ತಲೇ ಇರುತ್ತದೆ ಅಂದೆನಲ್ಲ. ನನಗೆ ಇದನ್ನು ಕಲಿಸಿದ್ದು ಒಬ್ಬ ಮುದುಕ. ಮಾತಿನಿಂದಲ್ಲ, ನಾನು ಮಡಚುವ ಕುರ್ಚಿಯಲ್ಲಿ ಕೂತಿದ್ದಾಗ ನನ್ನ ಸುತ್ತ ಮೂರು ಸಲ ಸುತ್ತಿ, ನನ್ನ ಹಿಂದೆ ಇಪ್ಪತ್ತು ಅಡಿ ದೂರದಲ್ಲಿ ನಿಂತು ಹದಿನೆಂಟು ಮೀನು ಎಳೆದ. ಅವತ್ತೇ ಕುರ್ಚಿ ಕಾರಿನಲ್ಲಿ ಉಳಿಯಿತು, ಇವತ್ತಿಗೂ ಅಲ್ಲೇ ಇದೆ.

ನಮ್ಮ ಊರ ಕಡೆ ಹಳ್ಳಕ್ಕೆ ಕೂಣಿ ಇಟ್ಟು ಬಂದು ಬೆಳಿಗ್ಗೆ ಹೋಗಿ ನೋಡುವವರಿಗೆ ಈ ಓಡಾಟ ವಿಚಿತ್ರ ಅನಿಸುತ್ತದೆ. ತಮಾಷೆ ಅಂದರೆ ಇದೇ ಕೆರೆಯಲ್ಲೂ ಕೂಣಿ ಇತ್ತು. ಕೆರೆಯ ನೀರು ಹೊರಗೆ ಹರಿಯುವ ಕಡೆ ವಿಯರ್ಸ್ ಬೀಚ್ ಅಂತ ಊರಿದೆಯಲ್ಲ, ಆ ಹೆಸರು ಬಂದಿದ್ದೇ ಅಲ್ಲಿನ ಮೂಲನಿವಾಸಿಗಳು ಹರಿವಿಗೆ ಅಡ್ಡ ಕಟ್ಟುತ್ತಿದ್ದ ಮೀನಿನ ಬಲೆಗಟ್ಟೆಗಳಿಂದ. ಅವರು ಮೀನು ಬಂದೇ ಬರುವ ದಾರಿಗೆ ಕಟ್ಟುತ್ತಿದ್ದರು. ನಿಮ್ಮ ಟಿಪ್-ಅಪ್ ಮೀನು ಹಾಯದ ಬಯಲಲ್ಲಿ ನಿಂತಿತ್ತು.

ಹಾಗಂತ ಟಿಪ್-ಅಪ್ ಎಸೆಯಬೇಡಿ. ಈ ಕೆರೆಯಲ್ಲಿ ಒಬ್ಬರಿಗೆ ಎರಡು ಗಾಳ ಅಷ್ಟೇ, ಯಾಕೆಂದರೆ ಇದು ಲೇಕ್ ಟ್ರೌಟ್ ಮತ್ತು ಸಾಲ್ಮನ್ ಮೀನುಗಳಿಗೆ ಮೀಸಲಿಟ್ಟು ನೋಡಿಕೊಳ್ಳುವ ಕೆರೆ. ಒಂದನ್ನು ಟಿಪ್-ಅಪ್ ಮಾಡಿ ಸಾಲಿನ ನಡುವೆ ಇಡಿ, ಬಾವುಟ ಎದ್ದರೆ ಹಿಂಡು ಬಂತು ಅಂತ ಸುದ್ದಿ. ಇನ್ನೊಂದು ಕೈಯಲ್ಲಿರಲಿ. ಹದಿನಾರು ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು, ನಿಮ್ಮ ಹೆಂಡತಿ ಗಾಳ ಹಿಡಿದರೆ ಅವರಿಗೂ ಬೇಕು. ಮತ್ತೆ ಐಸ್ ಮೇಲೆ ಸಾಲ್ಮನ್ ಸಿಕ್ಕರೆ ಇಟ್ಟುಕೊಳ್ಳುವ ಹಾಗಿಲ್ಲ, ಕೂಡಲೇ ಬಿಡಬೇಕು. ಬೆಳ್ಳಿ ಬಣ್ಣದ್ದೆಲ್ಲ ವೈಟ್ ಪರ್ಚ್ ಅಂತ ಬಕೆಟ್‌ಗೆ ಹಾಕಿಬಿಟ್ಟೀರಿ! ಸಾಲ್ಮನ್‌ಗೆ ಬಾಲದ ಹತ್ತಿರ ಬೆನ್ನ ಮೇಲೆ ಸಣ್ಣ ಮಾಂಸದ ರೆಕ್ಕೆ ಇರುತ್ತದೆ, ಮುಳ್ಳಿಲ್ಲದ್ದು. ಪರ್ಚ್‌ಗೆ ಅದು ಇಲ್ಲ, ಬೆನ್ನ ಮೇಲೆ ಗರಗಸದಂಥ ಮುಳ್ಳಿದೆ.

ಕೈಗಾಳಕ್ಕೆ ಎರಡಡಿಯ ಮೆತ್ತನೆ ತುದಿಯ ಕೋಲು, ನಾಲ್ಕು ಪೌಂಡ್ ತೂಕ ತಡೆಯುವ ದಾರ. ತುದಿಗೆ ಬೆಳ್ಳಿ ಇಲ್ಲ ಚಿನ್ನದ ಬಣ್ಣದ ಸಣ್ಣ ಸ್ಪೂನ್ (ಕೊಕ್ಕೆ ಇರುವ, ಮೀನಿನಂತೆ ಹೊಳೆಯುವ ಲೋಹದ ತುಂಡು), ಸ್ವೀಡಿಷ್ ಪಿಂಪಲ್ ಅಥವಾ ಕ್ಯಾಸ್ಟ್‌ಮಾಸ್ಟರ್ ಥರದ್ದು, ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಎಂಟನೇ ಒಂದು ಔನ್ಸ್‌ನಿಂದ ಕಾಲು ಔನ್ಸ್‌ವರೆಗೆ ಇರಲಿ. ತೀರಾ ಹಗುರದ್ದು ಬೇಡ, ನಲವತ್ತು ಅಡಿ ಇಳಿಯುವಷ್ಟರಲ್ಲಿ ಹಿಂಡು ಪಕ್ಕದೂರಿಗೆ ಹೋಗಿರುತ್ತದೆ. ಸೀಸದ್ದು ಮಾತ್ರ ತರಬೇಡಿ. ಒಂದು ಔನ್ಸ್ ಮತ್ತು ಅದಕ್ಕಿಂತ ಹಗುರದ ಸೀಸದ ಗುಂಡು, ಜಿಗ್ (ತಲೆಗೆ ತೂಕ ಸೇರಿಸಿದ ಕೊಕ್ಕೆ) ಎರಡನ್ನೂ ಈ ರಾಜ್ಯದಲ್ಲಿ 2016ರ ಜೂನ್‌ನಿಂದ ನಿಷೇಧಿಸಿದ್ದಾರೆ. ಇಲ್ಲಿನ ಕೆರೆಗಳಲ್ಲಿ ಲೂನ್ ಅಂತ ಒಂದು ಮುಳುಗುಹಕ್ಕಿ ಇದೆ, ಬೇಸಿಗೆ ರಾತ್ರಿ ಅದರ ಕೂಗು ಕೇಳಿದ್ದರೆ ಮರೆಯಲಾರಿರಿ. ಅದು ಸೀಸ ನುಂಗಿ ಸಾಯುತ್ತಿತ್ತು, ಅದಕ್ಕೇ ಈ ಕಾನೂನು. ಊರಿನಿಂದ ಅಪ್ಪನ ಹಳೇ ಗಾಳದ ಡಬ್ಬಿ ತಂದಿದ್ದರೆ ಒಮ್ಮೆ ತೆರೆದು ನೋಡಿ.

ಸ್ಪೂನಿನ ಕೊಕ್ಕೆಗೆ ಎರೆಹುಳದ ಒಂದು ಚೂರು ಅಥವಾ ವ್ಯಾಕ್ಸ್‌ವರ್ಮ್ ಸಿಕ್ಕಿಸಿ. ವ್ಯಾಕ್ಸ್‌ವರ್ಮ್ ಅಂದರೆ ಬೇರೇನಲ್ಲ, ಕೊಡಗಿನ ಜೇನು ಸಾಕುವವರು ಶಾಪ ಹಾಕುವ ಆ ಮೇಣದ ಹುಳು. ಅಲ್ಲಿ ಪೆಟ್ಟಿಗೆ ಹಾಳು ಮಾಡುವ ಹುಳುವನ್ನು ಇಲ್ಲಿ ಡಾಲರ್ ಕೊಟ್ಟು ಡಬ್ಬಿಯಲ್ಲಿ ಕೊಳ್ಳುತ್ತೇವೆ.

ಈಗ ಕೈಯ ಕೆಲಸ. ಸ್ಪೂನ್ ತಳ ಮುಟ್ಟುವವರೆಗೆ ಬಿಡಿ. ಮುಟ್ಟಿದ ಮೇಲೆ ಎರಡು ಮೂರು ಸಲ ಕೆಸರಿಗೆ ಕುಟ್ಟಿ, ಸಣ್ಣ ಧೂಳು ಏಳಬೇಕು. ಆಮೇಲೆ ಒಂದಡಿ ಎತ್ತಿ, ನಿಲ್ಲಿಸಿ. ಬರೀ ಕುಣಿಸುತ್ತಾ ಇರಬೇಡಿ, ಕುಣಿಸುವುದು ಕರೆಯಲು, ಕಚ್ಚುವುದು ನಿಂತಾಗ. ತಣ್ಣೀರಿನ ಮೀನು ಸೋಮಾರಿ, ಕಚ್ಚಿದ್ದು ಕೈಗೆ ಏಟಿನಂತೆ ಬರುವುದಿಲ್ಲ. ಕೋಲಿನ ತುದಿ ಸ್ವಲ್ಪ ಅಲುಗುತ್ತದೆ, ಅಥವಾ ಇದ್ದಕ್ಕಿದ್ದಂತೆ ದಾರ ಸಡಿಲವಾಗುತ್ತದೆ. ಸಡಿಲವಾದರೆ ಮೀನು ಸ್ಪೂನನ್ನು ಬಾಯಲ್ಲಿಟ್ಟು ಮೇಲಕ್ಕೆ ಬಂದಿದೆ ಅಂತ ಅರ್ಥ, ಆಗಲೇ ಎತ್ತಬೇಕು. ಹೊಸಬರು ಕಳೆದುಕೊಳ್ಳುವ ಮೀನುಗಳಲ್ಲಿ ಅರ್ಧ ಇಲ್ಲೇ ಹೋಗುತ್ತದೆ, ಗಾಳಕ್ಕೆ ಏನೋ ಆಯಿತು ಅಂತ ನೋಡುತ್ತಾ ನಿಲ್ಲುತ್ತಾರೆ.

ಫ್ಲಾಶರ್ ಅಂತ ಒಂದು ಯಂತ್ರ ಇದೆ, ತೂತಿನೊಳಗೆ ಶಬ್ದದ ಅಲೆ ಕಳಿಸಿ ತಳ ಎಲ್ಲಿದೆ, ಮೀನು ಎಲ್ಲಿದೆ, ನಿಮ್ಮ ಸ್ಪೂನ್ ಎಲ್ಲಿದೆ ಅಂತ ದುಂಡನೆಯ ಮುಖದ ಮೇಲೆ ಬಣ್ಣದ ಗೆರೆಯಲ್ಲಿ ತೋರಿಸುತ್ತದೆ. ಒಳ್ಳೆಯದೇ, ಖಾಲಿ ತೂತಿನಲ್ಲಿ ಐದು ನಿಮಿಷದ ಬದಲು ಅರ್ಧ ನಿಮಿಷ ನಿಂತರೆ ಸಾಕು. ಆದರೆ ನೂರಾರು ಡಾಲರ್. ಮೊದಲ ವರ್ಷ ಬೇಡ ಅನ್ನುತ್ತೇನೆ. ಬರುತ್ತಿದ್ದಂತೆ ಯಂತ್ರ ಕೊಂಡವರು ಪರದೆ ನೋಡುವುದು ಕಲಿಯುತ್ತಾರೆ, ಕೈ ಕಲಿಯುವುದಿಲ್ಲ. ಆಳ ಅಳೆಯಲು ದಾರಕ್ಕೆ ಒಂದು ತೂಕ ಕಟ್ಟಿ ಬಿಟ್ಟರೆ ಆಯಿತು.

ಹಿಂಡು ಬಂದಾಗ ಏನು ಮಾಡಬೇಕು ಅನ್ನುವುದೇ ಬೇರೆ ವಿದ್ಯೆ. ಆಗ ಫೋಟೊ ಬೇಡ, ಕಾಫಿ ಬೇಡ. ಎಳೆಯಿರಿ, ಬಿಡಿಸಿ, ಐಸ್ ಮೇಲೆ ಎಸೆಯಿರಿ, ಮತ್ತೆ ಬಿಡಿ. ಹುಳು ಅರ್ಧ ಉಳಿದಿದ್ದರೂ ಪರವಾಗಿಲ್ಲ, ಹೊಸದು ಸಿಕ್ಕಿಸಲು ಕೂರಬೇಡಿ. ಕೆಳಗೆ ಯಾವಾಗಲೂ ಏನಾದರೂ ಹೊಳೆಯುತ್ತಾ ಇದ್ದರೆ ಹಿಂಡು ಸ್ವಲ್ಪ ಹೊತ್ತು ನಿಲ್ಲುತ್ತದೆ, ಏನೂ ಇಲ್ಲದಿದ್ದರೆ ಮುಂದೆ ಹೋಗುತ್ತದೆ. ಇಬ್ಬರಿದ್ದರೆ ಎರಡು ತೂತು ಹತ್ತಿರ ಇಟ್ಟುಕೊಂಡು, ಒಬ್ಬರ ಗಾಳ ಮೇಲೆ ಬಂದಾಗ ಇನ್ನೊಬ್ಬರದು ಕೆಳಗಿರುವಂತೆ ನೋಡಿಕೊಳ್ಳಿ. ಗಂಡ ಹೆಂಡತಿಗೆ ಇದು ಸುಲಭವಾ ಕಷ್ಟವಾ ನಾನು ಹೇಳಲಾರೆ.

ಹೊತ್ತು ಮುಖ್ಯ. ಬೆಳಕು ಕಡಿಮೆ ಇದ್ದಾಗ ಇವು ಚುರುಕು. ಸೂರ್ಯ ಹುಟ್ಟುವ ಹೊತ್ತಿನ ಒಂದು ಗಂಟೆ, ಮುಳುಗುವ ಹೊತ್ತಿನ ಒಂದೂವರೆ ಗಂಟೆ. ಫೆಬ್ರವರಿಯಲ್ಲಿ ಇಲ್ಲಿ ಐದು ಐದೂವರೆಗೆ ಕತ್ತಲಾಗುತ್ತದೆ. ನೀವು ಮೂರಕ್ಕೆ ಗಂಟು ಕಟ್ಟಿದಿರಿ, ಅಂದರೆ ಊಟ ಬಡಿಸುವ ಹೊತ್ತಿಗೆ ಪಂಕ್ತಿಯಿಂದ ಎದ್ದುಬಂದಿರಿ! ಮುಂದಿನ ಸಲ ಎರಡಕ್ಕೆ ಹೋಗಿ, ಕೊರೆಯುವುದನ್ನೆಲ್ಲ ಬೆಳಕಿನಲ್ಲಿ ಮುಗಿಸಿ, ಕತ್ತಲಾಗುವವರೆಗೆ ಇರಿ. ಹಣೆಗೆ ಕಟ್ಟುವ ದೀಪ ಮರೆಯಬೇಡಿ.

ಒಂದು ವಿಷಯ ಜನ ಹೇಳುವುದಿಲ್ಲ. ನಲವತ್ತು ಅಡಿಯಿಂದ ಬೇಗ ಎಳೆದ ವೈಟ್ ಪರ್ಚ್ ವಾಪಸ್ ಬಿಟ್ಟರೆ ಬದುಕುವುದು ಕಷ್ಟ. ಇದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಹೊರದಾರಿ ಇಲ್ಲ, ಮೇಲೆ ಬರುತ್ತಾ ಒತ್ತಡ ಕಡಿಮೆಯಾಗಿ ಚೀಲ ಉಬ್ಬುತ್ತದೆ, ಕೆಲವಕ್ಕೆ ಜಠರವೇ ಬಾಯಿಗೆ ಬಂದಿರುತ್ತದೆ, ಮಾತಿಗೆ ಹೇಳುತ್ತಿಲ್ಲ, ನಿಜವಾಗಿ. ಚಿಕ್ಕದು ಅಂತ ತೂತಿಗೆ ಬಿಟ್ಟರೆ ಐಸ್ ಕೆಳಗೆ ತೇಲುತ್ತಾ ಸಾಯುತ್ತದೆ. ಆದ್ದರಿಂದ ಆಳದಲ್ಲಿ ಹಿಡಿದದ್ದನ್ನು ಇಟ್ಟುಕೊಳ್ಳಿ, ಬೇಕಾದಷ್ಟಾದ ಮೇಲೆ ನಿಲ್ಲಿಸಿ. ಹಿಂಡು ಇನ್ನೂ ಕೆಳಗಿದೆ ಅಂತ ಸುಮ್ನೆ ಎಳೆಯುತ್ತಾ ಹೋಗಬೇಡಿ.

ನಿಮ್ಮ ಹೆಂಡತಿಯ ಭಯ ಸರಿಯಾದ ಭಯ, ಅದನ್ನು ಕಳೆಯಲು ಹೋಗಬೇಡಿ. ಆಚೆ ಈಚೆ ಟ್ರಕ್ ನಿಂತಿದೆ ಅಂತ ನೋಡಿ ನಡೆಯುವವರಿಗಿಂತ ಅವರೇ ಜಾಣೆ. ನ್ಯೂ ಹ್ಯಾಂಪ್‌ಶರ್‌ನ ಹ್ಯಾನೋವರ್‌ನಲ್ಲಿ ಅಮೆರಿಕ ಸೈನ್ಯದ ಶೀತಪ್ರದೇಶ ಸಂಶೋಧನಾ ಕೇಂದ್ರ ಇದೆ. ಅವರ ಅಂದಾಜನ್ನೇ ರಾಜ್ಯ ಹೇಳುತ್ತದೆ: ಒಬ್ಬರು ನಡೆಯಲು ಕನಿಷ್ಠ 6 ಇಂಚು ಗಟ್ಟಿ ಐಸ್, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗೆ 8ರಿಂದ 10 ಇಂಚು. ಬೇರೆ ರಾಜ್ಯಗಳಲ್ಲಿ ನಡೆಯಲು ನಾಲ್ಕಿಂಚು ಸಾಕು ಅನ್ನುತ್ತಾರೆ, ನೀವು ಆರನ್ನೇ ಹಿಡಿಯಿರಿ. ಅದೂ ಕಪ್ಪಗೆ, ಗಾಜಿನಂತೆ ಕಾಣುವ ಐಸ್‌ನ ಲೆಕ್ಕ. ಹಿಮ ನೆನೆದು ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸ್‌ಗೆ ಅರ್ಧ ಬಲ ಅಂತ ಇಟ್ಟುಕೊಳ್ಳಿ.

ಇಡೀ ಕೆರೆಗೆ ಒಂದೇ ದಪ್ಪ ಅಂತ ಇರುವುದಿಲ್ಲ. ತೊರೆ ಸೇರುವ ಕಡೆ, ಸೇತುವೆ ಕೆಳಗೆ, ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ಹರಿಯುತ್ತಿರುತ್ತದೆ, ಅಲ್ಲಿ ತೆಳು. ವಿಯರ್ಸ್ ಕಾಲುವೆ ಹತ್ತಿರ ಅಂತೂ ಹೋಗಲೇಬೇಡಿ. ಇನ್ನೊಂದು, ದಡದಲ್ಲಿ ದೋಣಿ ಇಡುವ ಬೋಟ್‌ಹೌಸ್‌ಗಳು. ಕಂಬಗಳಿಗೆ ಐಸ್ ಹಿಡಿಯದಂತೆ ಕೆಳಗಿನಿಂದ ಗುಳ್ಳೆ ಬಿಡುವ ಯಂತ್ರ ಇಟ್ಟಿರುತ್ತಾರೆ, ಅದರ ಸುತ್ತ ಮೇಲೆ ಹಿಮ ಮುಚ್ಚಿ ಕೆಳಗೆ ಏನೂ ಇರುವುದಿಲ್ಲ. ನನ್ನ ಬಲಗಾಲು ಮೊಣಕಾಲಿನವರೆಗೆ ಹೋದದ್ದು ಅಂಥ ಕಡೆಯೇ, ಕಾರು ನಿಲ್ಲಿಸಿದ ಜಾಗಕ್ಕೆ ಹತ್ತಿರದ ದಾರಿ ಅಂತ ಹೋಗಿದ್ದೆ.

ಕಬ್ಬಿಣದ ಹಾರೆಯೊಂದು ಇಟ್ಟುಕೊಳ್ಳಿ. ಇದಕ್ಕೇ ಮಾಡಿದ್ದು ಸಿಗುತ್ತದೆ, ಉಳಿಯಂಥ ತುದಿ. ಮುಂದೆ ಕುಟ್ಟುತ್ತಾ ನಡೆಯಿರಿ, ಎರಡು ಏಟಿಗೆ ನೀರು ಬಂದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ. ನಡೆಯುತ್ತಾ ನಡೆಯುತ್ತಾ ಕೊರೆದು ಅಳೆಯಿರಿ, ದಡದಲ್ಲಿ ಒಮ್ಮೆ ಅಳೆದರೆ ಆಗಲಿಲ್ಲ. ಕೊರಳಿಗೆ ಐಸ್ ಪಿಕ್ಸ್ ಹಾಕಿಕೊಳ್ಳಿ, ಮರದ ಹಿಡಿಗೆ ಮೊಳೆ ಇರುವ ಜೋಡಿ, ಹತ್ತು ಡಾಲರ್ ಆಸುಪಾಸು. ಬೂಟಿಗೆ ಮುಳ್ಳಿನ ಪಟ್ಟಿ. ಕೋಟಿನ ಮೇಲೆ ತೇಲುವ ಜಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಬಿದ್ದೇಬಿಟ್ಟರೆ ಏನು ಅಂತ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿಗೆ ಬಿದ್ದ ದೇಹಕ್ಕೆ ಏನಾಗುತ್ತದೆ ಅಂತ ತಾವೇ ನೀರಿಗಿಳಿದು ನೋಡಿದವರು. ಅವರು ಹೇಳುವ ಲೆಕ್ಕ 1-10-1: ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ತರಲು, ಮುಂದಿನ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಪ್ರಜ್ಞೆ ತಪ್ಪಲು ಒಂದು ಗಂಟೆ. ಅಂದರೆ ಬಿದ್ದ ಕೂಡಲೇ ಸಾಯುವುದಿಲ್ಲ, ಗಾಬರಿಗೆ ಸಾಯುತ್ತಾರೆ. ಬಂದ ದಿಕ್ಕಿಗೇ ತಿರುಗಿ, ಆ ಕಡೆಯ ಐಸ್ ನಿಮ್ಮನ್ನು ಹೊತ್ತಿತ್ತು. ಪಿಕ್ಸ್ ಚುಚ್ಚಿ, ಕಾಲು ಬಡಿದು ಮೈ ಅಡ್ಡ ಮಾಡಿ ಮೇಲೆ ಬನ್ನಿ. ಎದ್ದು ನಿಲ್ಲಬೇಡಿ, ಉರುಳುತ್ತಾ ದೂರ ಹೋಗಿ. ಇಬ್ಬರೂ ಒಟ್ಟಿಗೆ ಅಂಟಿಕೊಂಡು ನಡೆಯಬೇಡಿ, ಒಬ್ಬರ ಹತ್ತಿರ ಹಗ್ಗ ಇರಲಿ, ನಾನಾದರೆ ಹಗ್ಗ ಅವರ ಕೈಗೇ ಕೊಡುತ್ತೇನೆ.

ಅಡುಗೆಗೆ ಬರೋಣ. ಆಗುತ್ತದಾ ಅಂತ ಕೇಳಿದಿರಿ, ನನ್ನ ಪ್ರಕಾರ ಇಲ್ಲಿನ ಸಿಹಿನೀರಿನ ಮೀನುಗಳಲ್ಲಿ ನಮ್ಮ ಬಾಯಿಗೆ ಇದರಷ್ಟು ಹೊಂದುವುದು ಇನ್ನೊಂದಿಲ್ಲ. ಬಿಳಿ ಮಾಂಸ, ಗಟ್ಟಿ, ಸ್ವಲ್ಪ ಸಿಹಿ. ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಹರಿಸಿ ಹಿಮದಲ್ಲಿ ಹೂತಿಡಿ. ಮನೆಗೆ ಬಂದು ಬೆನ್ನಮೂಳೆಯ ಎರಡೂ ಕಡೆಯಿಂದ ಫಿಲೆ, ಅಂದರೆ ಉದ್ದನೆಯ ಮಾಂಸದ ಹೋಳು ತೆಗೆದು, ಪಕ್ಕೆಲುಬು ಬಿಡಿಸಿ, ಚರ್ಮ ಸುಲಿಯಿರಿ. ಚರ್ಮ ಹೋದ ಮೇಲೆ ನಡುವೆ ಉದ್ದಕ್ಕೆ ಒಂದು ಕೆಂಪು ಪಟ್ಟಿ ಕಾಣುತ್ತದೆ. ಅದನ್ನು ಚಾಕುವಿನ ತುದಿಯಲ್ಲಿ ಕೊಯ್ದು ತೆಗೆದುಬಿಡಿ. ಈ ಮೀನು ವಾಸನೆ ಅನ್ನುವವರು ಆ ಪಟ್ಟಿಯ ಸಮೇತ ತಿಂದವರು.

ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಉಪ್ಪು, ಹುಣಸೆ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು ರವೆಯಲ್ಲಿ ಹೊರಳಿಸಿ ತವಾದ ಮೇಲೆ ಹಾಕಿ. ಫಿಲೆ ತೆಳು, ಒಂದು ಕಡೆಗೆ ಎರಡು ನಿಮಿಷ ಸಾಕು. ಸಾರು ಮಾಡುವುದಾದರೆ ಹನ್ನೆರಡು ಇಂಚಿನದನ್ನು ಮುಳ್ಳಿನ ಸಮೇತ ತುಂಡು ಮಾಡಿ, ಮಸಾಲೆ ಕುದಿದ ಮೇಲೆ ಕೊನೆಯಲ್ಲಿ ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ತಿರುಗಿಸಿ. ನಾನು ಎರಡೂ ಮಾಡುತ್ತೇನೆ, ಖಾಲಿಯಾಗುವುದು ಮೊದಲು ರವೆ ಫ್ರೈ. ಒಂದೇ ಎಚ್ಚರಿಕೆ, ಇಲ್ಲಿನ ಕೆರೆ ಮೀನುಗಳಲ್ಲಿ ಪಾದರಸ ಇರುತ್ತದೆ, ಈ ಮೀನು ವರ್ಷಗಟ್ಟಲೆ ಬದುಕುವುದರಿಂದ ದೊಡ್ಡದರಲ್ಲಿ ಜಾಸ್ತಿ ಸೇರಿರುತ್ತದೆ. ಬಸುರಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ತಿಂಗಳಿಗೆ ಒಂದು ಊಟಕ್ಕಿಂತ ಹೆಚ್ಚು ಬೇಡ ಅಂತ ರಾಜ್ಯದ ಸಲಹೆ. ಮನೆಯಲ್ಲಿ ಪುಟ್ಟವರಿದ್ದರೆ ಎಂಟಿಂಚಿನ ಚಿಕ್ಕ ಮೀನು ಅವರ ತಟ್ಟೆಗೆ, ದೊಡ್ಡದು ನಿಮಗೆ.